ವುಡ್‌ಲೌಸ್ ತೇವವನ್ನು ಹುಡುಕುತ್ತದೆಯೇ? – ಒಂದು ಹಳೆಯ ಗ್ರಂಥದ ಮರು ಓದು

ಮಳೆಗಾಲದಲ್ಲಿ ಹಿತ್ತಲಿನ ಹೂಕುಂಡವೊಂದನ್ನು ಪಕ್ಕಕ್ಕೆ ಸರಿಸಿದರೆ ಅದರ ಅಡಿಯ ಒದ್ದೆ ಮಣ್ಣಿನಲ್ಲಿ ಪುಟ್ಟದೊಂದು ಪ್ರಪಂಚವೇ ಕಾಣುತ್ತದೆ. ಎರೆಹುಳು, ಸಹಸ್ರಪದಿ, ಚಿಮ್ಮಿ ಮರೆಯಾಗುವ ಬಿಳಿಯ ಸಣ್ಣ ಜೀವಿಗಳು. ಇವುಗಳ ನಡುವೆ ಬೂದು ಬಣ್ಣದ, ತುಸು ಚಪ್ಪಟೆಯಾದ, ಅಡ್ಡಪಟ್ಟಿಗಳ ಕವಚ ಹೊದ್ದ ಜೀವಿಯೊಂದು ಇರಬಹುದು. ಅದೇ ವುಡ್‌ಲೌಸ್. ಬೆಳಕು ಬಿದ್ದೊಡನೆ ಅವು ಗಡಿಬಿಡಿಯಿಂದ ಅತ್ತಿತ್ತ ಓಡುತ್ತವೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಇನ್ನಾವುದೋ ಒದ್ದೆ ಎಲೆಯ ಕೆಳಗೆ ಸೇರಿಕೊಂಡಿರುತ್ತವೆ. ನೋಡಿದವರೆಲ್ಲ ಹೇಳುವ ಮಾತು ಒಂದೇ: ಅದಕ್ಕೆ ತೇವ ಬೇಕು, ಆದ್ದರಿಂದ ತೇವವನ್ನು ಹುಡುಕಿಕೊಂಡು ಹೋಯಿತು. ಈ ಮಾತಿನ ಮೊದಲ ಭಾಗ ನಿಜ. ಎರಡನೆಯ ಭಾಗ ನಿಜವೇ?

ಈ ಪ್ರಶ್ನೆಯನ್ನು ಕಟ್ಟುನಿಟ್ಟಾಗಿ ಕೇಳಿದ ಗ್ರಂಥವೊಂದಿದೆ. ಗಾಟ್‌ಫ್ರೀಡ್ ಫ್ರೇಂಕೆಲ್ ಮತ್ತು ಡೊನಾಲ್ಡ್ ಗನ್ ಬರೆದ ‘ದಿ ಓರಿಯೆಂಟೇಷನ್ ಆಫ್ ಅನಿಮಲ್ಸ್’ 1940ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪ್ರಕಟವಾಯಿತು. 1961ರಲ್ಲಿ ಡೋವರ್ ಸಂಸ್ಥೆ ಅದನ್ನು ಮತ್ತೆ ಮುದ್ರಿಸಿತು. ಭೌತವಿಜ್ಞಾನದ ಹಳೆಯ ಗ್ರಂಥಗಳನ್ನು ಡೋವರ್ ಆವೃತ್ತಿಗಳಲ್ಲೇ ಓದಿ ಬೆಳೆದ ನನ್ನಂಥವರಿಗೆ ಈ ಗ್ರಂಥ ಸಿಕ್ಕಿದ್ದೂ ಅದೇ ದಾರಿಯಲ್ಲಿ. ಪ್ರಾಣಿವರ್ತನೆಯ ಪಠ್ಯಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಪರಿಭಾಷೆಗೆ ಭದ್ರವಾದ ರೂಪ ಕೊಟ್ಟದ್ದು ಈ ಕೃತಿಯೇ.

ಭೌತವಿಜ್ಞಾನದವನೊಬ್ಬ ಪ್ರಾಣಿಶಾಸ್ತ್ರದ ಗ್ರಂಥವನ್ನು ವಿಮರ್ಶಿಸಹೊರಟದ್ದಕ್ಕೆ ಕಾರಣ ಹೇಳಬೇಕು. ಪದವಿ ಕಾಲೇಜೊಂದರ ವಿಜ್ಞಾನ ಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ವಿದ್ಯಾರ್ಥಿನಿಯೊಬ್ಬಳು ಪೆಟ್ರಿ ತಟ್ಟೆಯ ಒಂದು ಬದಿಗೆ ಒದ್ದೆ ಹತ್ತಿ, ಇನ್ನೊಂದು ಬದಿಗೆ ಸಿಲಿಕಾ ಜೆಲ್ ಇಟ್ಟು, ಹತ್ತು ವುಡ್‌ಲೌಸ್‌ಗಳನ್ನು ಬಿಟ್ಟಿದ್ದಳು. ಎಂಟು ತೇವದ ಕಡೆ, ಎರಡು ಒಣ ಕಡೆ ಇದ್ದವು. ಪಕ್ಕದ ಫಲಕದಲ್ಲಿ ‘ವುಡ್‌ಲೌಸ್ ತೇವವನ್ನು ಅರಸಿ ಹೋಗುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. “ಅರಸಿ ಹೋಯಿತು ಅಂತ ಹೇಗೆ ಗೊತ್ತಾಯ್ತಮ್ಮ?” ಎಂದು ಕೇಳಿದೆ. “ಎಂಟು ಈ ಕಡೆ ಇವೆಯಲ್ಲ ಸರ್” ಎಂದಳು. ಅವಳ ತಪ್ಪೇನೂ ಇರಲಿಲ್ಲ. ಅವಳಿಗೆ ಕಲಿಸಿದ್ದೇ ಹಾಗೆ. ಈ ಪ್ರಯೋಗ ಈಗ ನಮ್ಮಲ್ಲಿಯೂ ಅಪರೂಪವಲ್ಲ. ಯುಜಿಸಿ 2015ರಲ್ಲಿ ಹೊರತಂದ ಪ್ರಾಣಿಶಾಸ್ತ್ರದ ಮಾದರಿ ಪಠ್ಯಕ್ರಮದ ಪ್ರಾಣಿವರ್ತನೆ ವಿಭಾಗದಲ್ಲಿ, ಒಣ ಮತ್ತು ತೇವದ ಪರಿಸರಕ್ಕೆ ವುಡ್‌ಲೌಸ್ ತೋರುವ ಪ್ರತಿಕ್ರಿಯೆಯ ಅಧ್ಯಯನ ಒಂದು ಪ್ರಯೋಗವಾಗಿ ಸೇರಿದೆ. ಹೀಗಿರುವಾಗ ಆ ಪ್ರಯೋಗ ಏನನ್ನು ಸಾಧಿಸುತ್ತದೆ, ಏನನ್ನು ಸಾಧಿಸುವುದಿಲ್ಲ ಎಂಬ ಪ್ರಶ್ನೆ ನಮ್ಮದೂ ಹೌದು.

ನೆಲಕ್ಕೆ ಬಂದ ಕಠಿಣಚರ್ಮಿ

ವುಡ್‌ಲೌಸ್ ಹೆಸರಿನಲ್ಲಿ ‘ಲೌಸ್’ ಇದ್ದರೂ ಅದು ಹೇನಲ್ಲ, ಕೀಟವೂ ಅಲ್ಲ. ಸೀಗಡಿ, ಏಡಿಗಳ ಬಂಧುವಾದ ಕಠಿಣಚರ್ಮಿ ಅದು. ಕಠಿಣಚರ್ಮಿಗಳಲ್ಲಿ ಬಹುಪಾಲು ನೀರಿನಲ್ಲೇ ಉಳಿದಿವೆ. ಇಡೀ ಬದುಕನ್ನು ನೆಲದ ಮೇಲೆ ಸಾಗಿಸುವಷ್ಟು ಯಶಸ್ಸು ಪಡೆದ ಪ್ರಮುಖ ಗುಂಪು ವುಡ್‌ಲೌಸ್‌ಗಳದು. ಇದುವರೆಗೆ ಸುಮಾರು 3,700 ಪ್ರಭೇದಗಳನ್ನು ಗುರುತಿಸಲಾಗಿದೆ. ಬೆಳೆದ ಪ್ರಾಣಿಗೆ ಏಳು ಜೊತೆ ಕಾಲುಗಳಿವೆ. ತಾಯಿ ತನ್ನ ಹೊಟ್ಟೆಯಡಿಯ ಚೀಲದಲ್ಲಿ ಮೊಟ್ಟೆಗಳನ್ನು ಹೊತ್ತು ತಿರುಗುತ್ತದೆ. ಆ ಚೀಲದಲ್ಲಿ ದ್ರವ ತುಂಬಿರುವುದರಿಂದ, ನೀರಿನಿಂದ ದೂರ ಬಂದರೂ ಮರಿಗಳ ಪಾಲಿಗೆ ಒಂದು ಪುಟ್ಟ ಕೊಳ ಜೊತೆಗೇ ಇದ್ದಂತೆ.

ಆದರೆ ನೆಲದ ಬದುಕಿಗೆ ಈ ಪ್ರಾಣಿ ಮಾಡಿಕೊಂಡ ಸಿದ್ಧತೆ ಅರ್ಧಂಬರ್ಧ. ಕೀಟಗಳ ಹೊರಚರ್ಮದ ಮೇಲಿರುವ, ನೀರನ್ನು ತಡೆಯುವ ಮೇಣದ ಪದರ ಇದರಲ್ಲಿ ಅಷ್ಟು ಸಮರ್ಥವಾಗಿಲ್ಲ. ಉಸಿರಾಟದ ಅಂಗಗಳು ಹೊಟ್ಟೆಯಡಿಯಲ್ಲಿವೆ. ಅವು ಒದ್ದೆಯಾಗಿಯೇ ಇರಬೇಕು. ಪೊರ್ಸೆಲಿಯೊ ಮತ್ತು ಆರ್ಮಡಿಲಿಡಿಯಮ್ ಕುಲಗಳಲ್ಲಿ ಆ ಅಂಗಗಳೊಳಗೆ ಗಾಳಿನಾಳಗಳಂಥ ರಚನೆ ಬೆಳೆದಿದೆ. ಓನಿಸ್ಕಸ್ ಕುಲದಲ್ಲಿ ಅದೂ ಇಲ್ಲ. ಈ ಮೂರರಲ್ಲಿ ಬೇಗ ನೀರು ಕಳೆದುಕೊಳ್ಳುವುದು ಓನಿಸ್ಕಸ್, ಹೆಚ್ಚು ತಡೆದುಕೊಳ್ಳುವುದು ಆರ್ಮಡಿಲಿಡಿಯಮ್. ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವುದು ಆರ್ಮಡಿಲಿಡಿಯಮ್. ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ ಕಾಣುವ, ಗೋಲಿಗಿಂತ ದೊಡ್ಡದಾಗಿ ಸುತ್ತಿಕೊಳ್ಳುವ ಆರ್ತ್ರೊಸ್ಫೀರಾ ಮಾತ್ರ ಇದರ ಜಾತಿಯಲ್ಲ, ಅದು ಸಹಸ್ರಪದಿ. ಎರಡರ ಕೆಲಸ ಒಂದೇ, ಉದುರಿದ ಎಲೆಯನ್ನು ಕತ್ತರಿಸಿ ತಿಂದು ಪುಡಿಮಾಡುವುದು. ಆ ಹಿಕ್ಕೆಯ ಮೇಲೆ ಬ್ಯಾಕ್ಟೀರಿಯ, ಶಿಲೀಂಧ್ರಗಳು ಬೆಳೆದು, ಎಲೆಯ ಸತ್ವ ಮಣ್ಣಿಗೆ ಮರಳುತ್ತದೆ.

ಆದ್ದರಿಂದ ವುಡ್‌ಲೌಸ್‌ಗೆ ತೇವದ ಜಾಗದಲ್ಲಿರುವುದು ಜೀವನ್ಮರಣದ ವಿಷಯ. ಅದು ಅಲ್ಲಿಗೆ ಹೇಗೆ ತಲುಪುತ್ತದೆ ಎಂಬುದೇ ಗನ್ ಅವರ ಪ್ರಶ್ನೆಯಾಗಿತ್ತು.

ಗ್ರಂಥದ ಹಿರಿಮೆ

ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿದ್ದ ಗನ್ 1937ರಲ್ಲಿ ಪೊರ್ಸೆಲಿಯೊ ಸ್ಕೇಬರ್ ಎಂಬ ಪ್ರಭೇದದ ಮೇಲೆ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಒಂದೇ ಕೋಣೆಯ ಎರಡು ಭಾಗಗಳಲ್ಲಿ ಬೇರೆ ಬೇರೆ ಆರ್ದ್ರತೆ ಏರ್ಪಡಿಸಿ, ಪ್ರಾಣಿಗಳು ಎಲ್ಲಿ ಉಳಿಯುತ್ತವೆ ಎಂದಷ್ಟೇ ಅಲ್ಲ, ಅವು ಹೇಗೆ ನಡೆಯುತ್ತವೆ ಎಂದೂ ನೋಡಿದರು. ಕಂಡದ್ದು ಇಷ್ಟು: ಒಣ ಗಾಳಿಯಲ್ಲಿ ಪ್ರಾಣಿ ಹೆಚ್ಚು ಹೊತ್ತು ನಡೆಯುತ್ತಲೇ ಇರುತ್ತದೆ, ತೇವದ ಗಾಳಿಯಲ್ಲಿ ಹೆಚ್ಚು ಹೊತ್ತು ನಿಂತಿರುತ್ತದೆ. ತೇವದ ದಿಕ್ಕು ಯಾವುದೆಂದು ಅದಕ್ಕೆ ತಿಳಿಯಬೇಕಾದ ಅಗತ್ಯವೇ ಇಲ್ಲ. 1941ರಲ್ಲಿ ನಾಡಿಯಾ ವಾಲೊಫ್ ಈ ಅಧ್ಯಯನವನ್ನು ಬೇರೆ ಪ್ರಭೇದಗಳಿಗೂ ವಿಸ್ತರಿಸಿದರು.

ಫ್ರೇಂಕೆಲ್ ಮತ್ತು ಗನ್ ಅವರ ಗ್ರಂಥ ಇಂಥ ವಿವರಗಳನ್ನೆಲ್ಲ ಒಂದು ಚೌಕಟ್ಟಿನಲ್ಲಿ ಇಡುತ್ತದೆ. ಪ್ರಚೋದನೆಯ ದಿಕ್ಕಿಗೆ ಸಂಬಂಧವಿಲ್ಲದೆ, ಅದರ ತೀವ್ರತೆಗೆ ತಕ್ಕಂತೆ ಚಲನೆ ಬದಲಾದರೆ ಅದು ಕೈನೆಸಿಸ್. ಪ್ರಚೋದನೆಯ ದಿಕ್ಕನ್ನೇ ಹಿಡಿದು ಸಾಗಿದರೆ ಅದು ಟ್ಯಾಕ್ಸಿಸ್. ಕೈನೆಸಿಸ್‌ನಲ್ಲೂ ಎರಡು ಬಗೆ. ನಡೆಯುವ ಜವ ಅಥವಾ ನಡೆಯುವ ಹೊತ್ತು ಬದಲಾದರೆ ಆರ್ಥೊಕೈನೆಸಿಸ್. ತಿರುಗುವ ಪ್ರಮಾಣ ಬದಲಾದರೆ ಕ್ಲೈನೊಕೈನೆಸಿಸ್. ಇದಕ್ಕೆ ಮೊದಲು 1919ರಲ್ಲಿ ಜರ್ಮನಿಯ ಆಲ್ಫ್ರೆಡ್ ಕ್ಯೂನ್ ಒಂದು ವರ್ಗೀಕರಣ ಮಾಡಿದ್ದರು. ಅದಕ್ಕೂ ಮೊದಲು ಜಾಕ್ವೆಸ್ ಲೋಬ್, ಪ್ರಾಣಿಗಳ ಚಲನೆಯನ್ನೆಲ್ಲ ಸಸ್ಯಗಳ ಬಾಗುವಿಕೆಯಂತೆ ಒಂದೇ ತತ್ತ್ವದಿಂದ ವಿವರಿಸಲು ಹೊರಟಿದ್ದರು. ಲೋಬ್ ಅವರ ಅತಿಸರಳತೆಯನ್ನು ಕೈಬಿಟ್ಟು, ಆದರೆ ‘ಇಷ್ಟಪಡುತ್ತದೆ’, ‘ಅರಸುತ್ತದೆ’ ಎಂಬ ಮಾತುಗಳ ಸುಲಭ ದಾರಿಯನ್ನೂ ಹಿಡಿಯದೆ ನಡೆದದ್ದು ಈ ಗ್ರಂಥದ ದೊಡ್ಡ ಗುಣ. ಒಂದು ಫಲಿತಾಂಶಕ್ಕೆ ಹಲವು ಕಾರ್ಯವಿಧಾನಗಳು ಇರಬಹುದು, ಫಲಿತಾಂಶವನ್ನು ನೋಡಿ ಕಾರ್ಯವಿಧಾನವನ್ನು ಊಹಿಸಬಾರದು ಎಂಬ ಶಿಸ್ತನ್ನು ಅದು ಕಲಿಸುತ್ತದೆ. ಆ ಪ್ರದರ್ಶನದ ಫಲಕದಲ್ಲಿ ಇಲ್ಲದೇ ಹೋದದ್ದು ಈ ಶಿಸ್ತೇ.

ಒಂದು ಸರಳ ಲೆಕ್ಕ

ದಿಕ್ಕು ತಿಳಿಯದ ಪ್ರಾಣಿಗಳು ಒಂದೆಡೆ ಸೇರುವುದು ಹೇಗೆ? ಇಲ್ಲಿ ಭೌತವಿಜ್ಞಾನ ನೆರವಿಗೆ ಬರುತ್ತದೆ. ತಟ್ಟೆಯ ಎರಡು ಸಮಭಾಗಗಳ ನಡುವೆ ಒಂದು ಗೆರೆಯನ್ನು ಕಲ್ಪಿಸಿಕೊಳ್ಳಿ. ಒಣ ಭಾಗದಲ್ಲಿ ಪ್ರಾಣಿಗಳ ಸಾಂದ್ರತೆ ಎನ್1, ಸರಾಸರಿ ಜವ ವಿ1. ತೇವದ ಭಾಗದಲ್ಲಿ ಎನ್2 ಮತ್ತು ವಿ2 ಎಂದಿರಲಿ. ನಿಂತಿರುವ ಹೊತ್ತನ್ನೂ ಸೇರಿಸಿಯೇ ಸರಾಸರಿ ತೆಗೆಯಬೇಕು. ಗೆರೆಯನ್ನು ಒಂದು ನಿಮಿಷದಲ್ಲಿ ದಾಟುವವರ ಸಂಖ್ಯೆ ಸಾಂದ್ರತೆ ಮತ್ತು ಜವಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಸ್ಥಾಯೀ ಸ್ಥಿತಿಯಲ್ಲಿ ಅತ್ತಿಂದ ಬರುವವರೂ ಇತ್ತಿಂದ ಹೋಗುವವರೂ ಸಮ. ಅಂದರೆ ಎನ್1 × ವಿ1 = ಎನ್2 × ವಿ2.

ಉದಾಹರಣೆಗೆ, ನಡೆಯುವಾಗಿನ ಜವ ಎರಡೂ ಕಡೆ ಒಂದೇ ಇದ್ದು, ಒಣ ಭಾಗದಲ್ಲಿ ಪ್ರಾಣಿ ಶೇ. 80ರಷ್ಟು ಹೊತ್ತು, ತೇವದ ಭಾಗದಲ್ಲಿ ಶೇ. 20ರಷ್ಟು ಹೊತ್ತು ನಡೆಯುತ್ತದೆ ಎಂದುಕೊಳ್ಳೋಣ. ಜವಗಳ ಪ್ರಮಾಣ 4:1 ಆದ್ದರಿಂದ ಸಾಂದ್ರತೆಗಳ ಪ್ರಮಾಣ 1:4. ನೂರು ಪ್ರಾಣಿಗಳಲ್ಲಿ ಎಂಬತ್ತು ತೇವದ ಕಡೆ ಇರುತ್ತವೆ. ಒಂದೂ ತೇವವನ್ನು ಹುಡುಕಿಲ್ಲ! ಹೆದ್ದಾರಿಯಲ್ಲಿ ವಾಹನಗಳು ರಸ್ತೆ ಉಬ್ಬಿನ ಬಳಿ ಒತ್ತೊತ್ತಾಗಿರುವುದು ಅವಕ್ಕೆ ಉಬ್ಬು ಪ್ರಿಯವೆಂದಲ್ಲ, ಅಲ್ಲಿ ನಿಧಾನವಾಗುತ್ತವೆ ಎಂದು. ಅನಿಲಗಳ ಚಲನವಾದ ಓದಿದವರಿಗೆ ಇನ್ನೊಂದು ಹೋಲಿಕೆ ನೆನಪಾಗಬಹುದು. ಬೇರೆ ಬೇರೆ ತಾಪದಲ್ಲಿರುವ, ಅತಿ ವಿರಳ ಅನಿಲದ ಎರಡು ಪಾತ್ರೆಗಳನ್ನು ಸೂಕ್ಷ್ಮ ರಂಧ್ರವೊಂದು ಜೋಡಿಸಿದ್ದರೆ, ತಂಪಾದ ಪಾತ್ರೆಯಲ್ಲಿ ಅಣುಗಳ ಸಾಂದ್ರತೆ ಹೆಚ್ಚು. ಕಾರಣ ಇದೇ ಸಮೀಕರಣ. ಅಣುಗಳು ತಂಪನ್ನು ‘ಅರಸಿ’ ಹೋದವೆಂದು ಯಾರೂ ಹೇಳುವುದಿಲ್ಲ.

ಇಷ್ಟರ ಮಟ್ಟಿಗೆ ಗನ್ ಅವರ ವಿವರಣೆ ಗಟ್ಟಿಯಾಗಿದೆ. ಆರ್ಥೊಕೈನೆಸಿಸ್‌ಗೆ ನೆನಪು ಬೇಡ, ದಿಕ್ಕಿನ ಅರಿವು ಬೇಡ, ಆದರೂ ಅದು ಕೆಲಸ ಮಾಡುತ್ತದೆ.

ತಿರುವುಗಳ ತೊಡಕು

ತೊಡಕು ಇರುವುದು ಇನ್ನೊಂದು ಬಗೆಯಲ್ಲಿ. ಜವ ಎಲ್ಲೆಡೆ ಒಂದೇ ಇದ್ದು, ತೇವದ ಜಾಗದಲ್ಲಿ ಪ್ರಾಣಿ ಹೆಚ್ಚು ಹೆಚ್ಚು ತಿರುಗಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಗುಂಪು ಸೇರುತ್ತದೆ ಎಂದು ಹಲವು ಪಠ್ಯಗಳು ಹೇಳುತ್ತವೆ. ಕೇಳಲು ಸಹಜವಾಗಿದೆ. ಆದರೆ ಮೇಲಿನ ಲೆಕ್ಕವನ್ನೇ ನೋಡಿ. ಗೆರೆ ದಾಟುವವರ ಸಂಖ್ಯೆಯಲ್ಲಿ ಸಾಂದ್ರತೆ ಇದೆ, ಜವ ಇದೆ, ತಿರುವುಗಳ ಸಂಖ್ಯೆ ಎಲ್ಲೂ ಇಲ್ಲ. ಎರಡೂ ಕಡೆ ಜವ ಒಂದೇ ಆದರೆ ಸಾಂದ್ರತೆಯೂ ಒಂದೇ! ಬರಿಯ ತಿರುವಿನಿಂದ ಗುಂಪು ಸೇರುವುದಿಲ್ಲ.

ಇದನ್ನು ಒಪ್ಪಲು ಮನಸ್ಸು ಹಿಂಜರಿಯುತ್ತದೆ. 2003ರಲ್ಲಿ ಫ್ರಾನ್ಸಿನ ಬ್ಲಾಂಕೊ ಮತ್ತು ಫೂರ್ನಿಯೆ ಎಂಬ ಭೌತವಿಜ್ಞಾನಿಗಳು ಪ್ರಕಟಿಸಿದ ಒಂದು ಫಲಿತಾಂಶ ಈ ಹಿಂಜರಿಕೆಯನ್ನು ನೀಗಿಸುತ್ತದೆ. ಸಮತಲದ ಮೇಲಿನ ಒಂದು ಪ್ರದೇಶಕ್ಕೆ ಎಲ್ಲ ಕಡೆಯಿಂದ, ಎಲ್ಲ ದಿಕ್ಕುಗಳಲ್ಲಿ ಸಮನಾಗಿ ಪ್ರವೇಶಿಸುವ ಯಾದೃಚ್ಛಿಕ ನಡಿಗೆಯವರು ಒಳಗೆ ಕ್ರಮಿಸುವ ಸರಾಸರಿ ದೂರ, ಆ ಪ್ರದೇಶದ ವಿಸ್ತೀರ್ಣವನ್ನು ಸುತ್ತಳತೆಯಿಂದ ಭಾಗಿಸಿ ಪೈಯಿಂದ ಗುಣಿಸಿದಷ್ಟು. 4 ಸೆಂಮೀ ತ್ರಿಜ್ಯದ ವೃತ್ತಕ್ಕೆ ಇದು ಸುಮಾರು 6.3 ಸೆಂಮೀ. ನೇರವಾಗಿ ಹಾದುಹೋದರೂ ಅಷ್ಟೇ, ಹೆಜ್ಜೆಗೊಮ್ಮೆ ತಿರುಗಿದರೂ ಅಷ್ಟೇ. ಹೆಚ್ಚು ತಿರುಗುವವರಲ್ಲಿ ಕೆಲವರು ಒಳಹೊಕ್ಕು ಬಹಳ ಹೊತ್ತು ಉಳಿಯುತ್ತಾರೆ, ನಿಜ. ಆದರೆ ಅನೇಕರು ಅಂಚಿನಲ್ಲೇ ತಿರುಗಿ ತಕ್ಷಣ ಹೊರಬೀಳುತ್ತಾರೆ. ಸರಾಸರಿಯಲ್ಲಿ ಎರಡೂ ಸರಿಹೋಗುತ್ತವೆ.

ಫ್ರೇಂಕೆಲ್ ಮತ್ತು ಗನ್ ಇದನ್ನು ಸಂಪೂರ್ಣವಾಗಿ ಕಾಣದೇ ಹೋದವರಲ್ಲ. ಚಪ್ಪಟೆ ಹುಳುಗಳು ಕತ್ತಲಿನತ್ತ ಸೇರುವುದನ್ನು ಕುರಿತು ಫಿಲಿಪ್ ಅಲ್ಯಟ್ 1936ರಲ್ಲಿ ಮಾಡಿದ ಅಧ್ಯಯನವನ್ನು ಅನುಸರಿಸಿ, ಪ್ರಚೋದನೆಗೆ ಒಗ್ಗಿಕೊಳ್ಳುವ ಗುಣ ಇದ್ದಾಗ ಕ್ಲೈನೊಕೈನೆಸಿಸ್ ಕೆಲಸ ಮಾಡುತ್ತದೆ ಎಂದು ಅವರು ವಾದಿಸಿದರು. ಒಗ್ಗಿಕೊಳ್ಳುವುದೆಂದರೆ ಒಂದು ಬಗೆಯ ನೆನಪು: ಈ ಕ್ಷಣದ ಸ್ಥಿತಿಯನ್ನು ಹಿಂದಿನ ಕ್ಷಣದ ಸ್ಥಿತಿಯೊಡನೆ ಹೋಲಿಸುವುದು. ಅವರ ಒಳನೋಟ ಸರಿಯಾಗಿತ್ತು. ಆದರೆ ವಾದ ಚಿತ್ರ ಮತ್ತು ಮಾತಿನದು, ಗಣಿತದ್ದಲ್ಲ. ಗಣಿತದ ಚೌಕಟ್ಟು 1953ರಲ್ಲಿ ಕ್ಲಿಫರ್ಡ್ ಪ್ಯಾಟ್ಲಕ್ ಅವರಿಂದ ಬಂತು. ಅತ್ಯುತ್ತಮ ನಿದರ್ಶನ ಸಿಕ್ಕಿದ್ದು 1972ರಲ್ಲಿ, ಅದೂ ಬ್ಯಾಕ್ಟೀರಿಯದಲ್ಲಿ. ಹೊವರ್ಡ್ ಬರ್ಗ್ ಮತ್ತು ಡಗ್ಲಸ್ ಬ್ರೌನ್ ಸೂಕ್ಷ್ಮದರ್ಶಕದಲ್ಲಿ ಈ. ಕೋಲಿಯ ಜಾಡು ಹಿಡಿದು, ಆಹಾರದ ಸಾಂದ್ರತೆ ಏರುತ್ತಿರುವ ದಿಕ್ಕಿನಲ್ಲಿ ಅದರ ಓಟಗಳು ಉದ್ದವಾಗುವುದನ್ನು ತೋರಿಸಿದರು. ಅಷ್ಟು ಸಣ್ಣ ಜೀವಿಗೂ ಕೆಲವು ಸೆಕೆಂಡುಗಳ ನೆನಪು ಇದೆ!

ಇಲ್ಲಿ ನನ್ನ ಆಕ್ಷೇಪ ಗ್ರಂಥಕರ್ತರ ಮೇಲಲ್ಲ, ಅವರಿಂದ ಎರವಲು ಪಡೆದವರ ಮೇಲೆ. ಮೂಲದಲ್ಲಿದ್ದ ‘ಒಗ್ಗಿಕೊಳ್ಳುವಿಕೆ’ ಎಂಬ ಷರತ್ತು ಪಠ್ಯದಿಂದ ಪಠ್ಯಕ್ಕೆ ಸಾಗುವಾಗ ಉದುರಿಹೋಯಿತು. ಉಳಿದದ್ದು ಎರಡು ಗ್ರೀಕ್ ಹೆಸರುಗಳು ಮತ್ತು ಎರಡೆರಡು ಅಂಕದ ಪ್ರಶ್ನೆಗಳು.

ಗ್ರಂಥದ ಚೌಕಟ್ಟಿಗೆ ಹೊರಗಿರುವುದು

ಚೌಕಟ್ಟಿನಲ್ಲೇ ಮೂರು ಕೊರತೆಗಳಿವೆ ಎಂದು ನನಗೆ ತೋರುತ್ತದೆ.

ಮೊದಲನೆಯದು ದೂರ. ವುಡ್‌ಲೌಸ್ ಸೆಕೆಂಡಿಗೆ 1 ಸೆಂಮೀ ನಡೆಯುತ್ತದೆ, ಸುಮಾರು 5 ಸೆಂಮೀ ನಡೆದು ಮನಬಂದ ದಿಕ್ಕಿಗೆ ತಿರುಗುತ್ತದೆ ಎಂದು ಇಟ್ಟುಕೊಳ್ಳೋಣ. ವಿಸರಣಾಂಕ ಸುಮಾರು ಸೆಕೆಂಡಿಗೆ 2.5 ಚದರ ಸೆಂಮೀ ಆಗುತ್ತದೆ. ಹೀಗೆ ಗೊತ್ತುಗುರಿಯಿಲ್ಲದೆ ನಡೆದು 1 ಮೀಟರ್ ದೂರಕ್ಕೆ ಹರಡಲು ಸುಮಾರು 17 ನಿಮಿಷ ಸಾಕು. 5 ಮೀಟರಿಗಾದರೆ 25 ಪಟ್ಟು, ಅಂದರೆ ಸುಮಾರು ಏಳು ಗಂಟೆ. ರಾತ್ರಿ ಮೇಯಲು ಹೊರಟ ಪ್ರಾಣಿ ಬರಿಯ ಕೈನೆಸಿಸ್ ನಂಬಿ ಬೆಳಗಾಗುವುದರೊಳಗೆ ಆಸರೆ ಸೇರಬೇಕಾದರೆ ಮನೆಯ ಹತ್ತಿರವೇ ಇರಬೇಕು. ತಟ್ಟೆಯಲ್ಲಿ ಸಾಕಾಗುವ ವಿವರಣೆ ತೋಟದಲ್ಲಿ ಸಾಲದು. ಅಲ್ಲಿ ಬೆಳಕು, ಸ್ಪರ್ಶ, ವಾಸನೆಗಳೂ ಸೇರಲೇಬೇಕು.

ಎರಡನೆಯದು ಪ್ರಾಣಿಯ ಪೂರ್ವಸ್ಥಿತಿ. ಆರ್ದ್ರತೆ ಇಷ್ಟಿದ್ದರೆ ಜವ ಇಷ್ಟು ಎಂಬ ರೇಖಾಚಿತ್ರವನ್ನು ನೋಡಿದಾಗ ತಂತಿಯ ರೋಧದ ಕೋಷ್ಟಕ ನೋಡಿದಂತಾಗುತ್ತದೆ. ಪ್ರಾಣಿ ತಂತಿಯಲ್ಲ. 1952ರಲ್ಲಿ ಜಾನ್ ಕ್ಲೌಡ್ಸ್ಲಿ-ಥಾಂಪ್ಸನ್ ಓನಿಸ್ಕಸ್ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ಸ್ಪಷ್ಟಪಡಿಸಿದವು. ರಾತ್ರಿ ಹೊತ್ತು ತೇವದ ಸೆಳೆತ ಹಗಲಿನಷ್ಟು ಬಲವಾಗಿರುವುದಿಲ್ಲ, ಆದ್ದರಿಂದ ಪ್ರಾಣಿ ಒಣ ಜಾಗಗಳಲ್ಲೂ ಸುತ್ತಬಲ್ಲದು. ಕತ್ತಲಲ್ಲಿದ್ದು ಬಂದ ಪ್ರಾಣಿ ಬೆಳಕಿನಿಂದ ಹೆಚ್ಚು ತೀವ್ರವಾಗಿ ದೂರ ಸರಿಯುತ್ತದೆ, ಆದ್ದರಿಂದ ನಸುಕಿನಲ್ಲಿ ಬೇಗ ಆಸರೆ ಸೇರುತ್ತದೆ. ಆದರೆ ಆಸರೆಯೇ ಒಣಗಿ ಮೈಯ ನೀರು ಕಡಿಮೆಯಾದರೆ, ಬೆಳಕಿಗೆ ಹೆದರುವ ಅದೇ ಪ್ರಾಣಿ ಬೆಳಕಿನತ್ತ ನಡೆಯುತ್ತದೆ. ಕಾಂತವಸ್ತುಗಳಲ್ಲಿ ನಾವು ಕಾಣುವ ಹಿಸ್ಟೆರಿಸಿಸ್‌ನಂತೆ, ಇಲ್ಲಿಯೂ ಪ್ರತಿಕ್ರಿಯೆ ಕಳೆದ ಗಂಟೆಗಳ ಕಥೆಯನ್ನು ಅವಲಂಬಿಸಿದೆ.

ಮೂರನೆಯದು ನೆರೆಹೊರೆ. ಕೈನೆಸಿಸ್ ಲೆಕ್ಕದಲ್ಲಿ ಪ್ರತಿ ಪ್ರಾಣಿಯೂ ಒಂಟಿ, ಆದರ್ಶ ಅನಿಲದ ಅಣುವಿನಂತೆ. ಆದರೆ 1926ರಷ್ಟು ಹಿಂದೆಯೇ ಅಮೆರಿಕದ ವಾರ್ಡರ್ ಆಲೀ, ಒತ್ತಾಗಿ ಗುಂಪುಗೂಡಿದ ವುಡ್‌ಲೌಸ್‌ಗಳು ಒಂಟಿಯಾಗಿರುವವುಗಳಿಗಿಂತ ನಿಧಾನವಾಗಿ ನೀರು ಕಳೆದುಕೊಳ್ಳುತ್ತವೆ ಎಂದು ತೋರಿಸಿದ್ದರು. ಇದರ ಭೌತವಿಜ್ಞಾನ ಸರಳ. ಎಂಟು ಸಮಗೋಳಗಳನ್ನು ಕಲಸಿ ಒಂದೇ ಗೋಳ ಮಾಡಿದರೆ ತ್ರಿಜ್ಯ ಎರಡು ಪಟ್ಟಾಗುತ್ತದೆ, ಒಟ್ಟು ಮೇಲ್ಮೈ ಅರ್ಧಕ್ಕೆ ಇಳಿಯುತ್ತದೆ. ನೀರು ಆವಿಯಾಗುವುದು ಮೇಲ್ಮೈಯಿಂದ ತಾನೆ? ಬ್ರಸೆಲ್ಸ್‌ನ ಜಾನ್-ಲೂಯಿ ಡೆನ್ಯೂಬೂರ್ ಮತ್ತು ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಗುಂಪು ಸೇರುವುದನ್ನು ಒಂದೊಂದು ಪ್ರಾಣಿಯ ಒಲವಿನಿಂದ ಮಾತ್ರ ವಿವರಿಸಲಾಗದು, ಪರಸ್ಪರ ಸೆಳೆತವೂ ಸೇರಬೇಕು ಎಂದು ತೋರಿಸಿತು. ಅಂದರೆ ಪ್ರಾಣಿ ನಿಲ್ಲುವುದು ತೇವ ಕಂಡಾಗ ಮಾತ್ರವಲ್ಲ, ಜೊತೆಗಾರ ಸಿಕ್ಕಾಗಲೂ ನಿಲ್ಲುತ್ತದೆ. ಆದರ್ಶ ಅನಿಲದ ಜಾಗದಲ್ಲಿ ಈಗ ಅಣುಗಳು ಒಂದನ್ನೊಂದು ಸೆಳೆಯುವ, ಹನಿಗಟ್ಟಬಲ್ಲ ಅನಿಲ ಬಂದಿದೆ.

ಮತ್ತೆ ಆ ತಟ್ಟೆಯ ಕಡೆಗೆ

ಈಗ ಪ್ರದರ್ಶನದ ತಟ್ಟೆಗೆ ಮರಳೋಣ. ಎಂಟು ಮತ್ತು ಎರಡು ಎಂಬ ಆ ಫಲಿತಾಂಶ ಎಷ್ಟು ನಂಬಲರ್ಹ?

ಪ್ರಾಣಿಗಳಿಗೆ ಯಾವ ಒಲವೂ ಇಲ್ಲ, ನಾಣ್ಯ ಚಿಮ್ಮಿದಂತೆ ಎರಡು ಕಡೆ ಹಂಚಿಹೋಗುತ್ತವೆ ಎಂದುಕೊಂಡರೂ, ಹತ್ತರಲ್ಲಿ ಎಂಟು ಅಥವಾ ಹೆಚ್ಚು ತೇವದ ಕಡೆ ಇರುವ ಸಂಭವನೀಯತೆ 1024ರಲ್ಲಿ 56, ಅಂದರೆ ಶೇ. 5.5. ಯಾವುದಾದರೂ ಒಂದು ಕಡೆ ಎಂಟು ಸೇರುವ ಸಂಭವನೀಯತೆ ಶೇ. 11. ಇದು ಕಡೆಗಣಿಸುವಂಥದ್ದಲ್ಲ. ಈ ಲೆಕ್ಕವೂ ಹತ್ತು ಪ್ರಾಣಿಗಳು ಪರಸ್ಪರ ಸ್ವತಂತ್ರ ಎಂದು ನಂಬಿದಾಗ ಮಾತ್ರ ಸರಿ. ಅವು ಒಂದಕ್ಕೊಂದು ಅಂಟಿಕೊಳ್ಳುವುದಾದರೆ, ಎಂಟರ ಗುಂಪು ಎಂಟು ಸಾಕ್ಷಿಗಳಲ್ಲ, ಹೆಚ್ಚುಕಡಿಮೆ ಒಂದೇ ಸಾಕ್ಷಿ. ಎರಡೂ ಬದಿ ಒಣಗಿದ್ದರೂ ಅವು ಎಲ್ಲೋ ಒಂದೆಡೆ ಗುಂಪುಗೂಡಿಯೇ ಇರುತ್ತವೆ.

ಇನ್ನು ಆರ್ದ್ರತೆ. ಗಾಳಿಯಲ್ಲಿ ನೀರಾವಿಯ ವಿಸರಣಾಂಕ ಸೆಕೆಂಡಿಗೆ ಸುಮಾರು 0.25 ಚದರ ಸೆಂಮೀ. 10 ಸೆಂಮೀ ಅಗಲದ ತಟ್ಟೆಯಲ್ಲಿ ಆರ್ದ್ರತೆಯ ಹಂಚಿಕೆ ನೆಲೆಗೊಳ್ಳಲು ಸುಮಾರು 400 ಸೆಕೆಂಡು, ಎಂದರೆ ಆರೇಳು ನಿಮಿಷ ಕೊಡಬೇಕು. ಮುಚ್ಚಳ ತೆರೆದು ಪ್ರಾಣಿಗಳನ್ನು ಬಿಟ್ಟು, ಐದೇ ನಿಮಿಷದಲ್ಲಿ ಎಣಿಸಿದರೆ ನಾವು ಅಳೆಯುತ್ತಿರುವುದು ಆರ್ದ್ರತೆಯ ಪರಿಣಾಮವನ್ನೋ ಹಿಡಿದು ಬಿಟ್ಟ ಗಾಬರಿಯನ್ನೋ ಹೇಳಲಾಗದು.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಪಠ್ಯಗಳು ಸಾಪೇಕ್ಷ ಆರ್ದ್ರತೆಯನ್ನು ಹೇಳುತ್ತವೆ, ತಾಪವನ್ನು ಮರೆಯುತ್ತವೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಾವಿಯ ಪರ್ಯಾಪ್ತ ಒತ್ತಡ 2.34 ಕಿಲೊಪಾಸ್ಕಲ್, 30 ಡಿಗ್ರಿಯಲ್ಲಿ 4.24. ಎರಡರಲ್ಲೂ ಸಾಪೇಕ್ಷ ಆರ್ದ್ರತೆ ಶೇ. 50 ಇದ್ದರೂ ಒತ್ತಡದ ಕೊರತೆ ಒಂದರಲ್ಲಿ 1.17, ಇನ್ನೊಂದರಲ್ಲಿ 2.12. ಅಂದರೆ ಇಂಗ್ಲೆಂಡಿನ ತಂಪು ಪ್ರಯೋಗಶಾಲೆಯ ‘ಶೇ. 50’ಕ್ಕಿಂತ ಏಪ್ರಿಲ್ ತಿಂಗಳ ನಮ್ಮ ಪ್ರಯೋಗಶಾಲೆಯ ‘ಶೇ. 50’ ಪ್ರಾಣಿಯ ಮೈಯಿಂದ ಸುಮಾರು 1.8 ಪಟ್ಟು ಬಲವಾಗಿ ನೀರನ್ನು ಹೀರುತ್ತದೆ. ಅಲ್ಲಿನ ಅಂಕಿಗಳನ್ನು ಇಲ್ಲಿ ಹಾಗೆಯೇ ನಿರೀಕ್ಷಿಸುವುದು ಸರಿಯಲ್ಲ.

ಮಣ್ಣಿನ ಲೆಕ್ಕಕ್ಕೂ ಇದು ಮುಖ್ಯ

ಇವೆಲ್ಲ ಬರಿಯ ತರಗತಿಯ ಚರ್ಚೆ ಎಂದು ತಿಳಿಯಬಾರದು. ಮಣ್ಣಿನ ಸಣ್ಣ ಜೀವಿಗಳನ್ನು ಎಣಿಸಲು ಲೋಕದೆಲ್ಲೆಡೆ ಬಳಸುವ ಸಾಧನ ಬರ್ಲೀಸ್–ಟುಲ್‌ಗ್ರೆನ್ ಆಲಿಕೆ. ಇಟಲಿಯ ಅಂಟೋನಿಯೊ ಬರ್ಲೀಸ್ 1905ರಲ್ಲಿ ಬಿಸಿನೀರಿನ ಶಾಖದಿಂದ, ಸ್ವೀಡನ್ನಿನ ಆಲ್ಬರ್ಟ್ ಟುಲ್‌ಗ್ರೆನ್ 1918ರಲ್ಲಿ ವಿದ್ಯುದ್ದೀಪದಿಂದ ಅದನ್ನು ನಡೆಸಿದರು. ಜರಡಿಯ ಮೇಲೆ ಮಣ್ಣು ಅಥವಾ ತರಗೆಲೆ ಹರಡಿ, ಮೇಲಿನಿಂದ ದೀಪ ಉರಿಸುತ್ತಾರೆ. ಮಣ್ಣು ಮೇಲಿನಿಂದ ಒಣಗುತ್ತಾ ಬಂದಂತೆ ಜೀವಿಗಳು ಕೆಳಕ್ಕಿಳಿದು ಆಲಿಕೆಯ ಮೂಲಕ ಸೀಸೆಗೆ ಬೀಳುತ್ತವೆ. ಹೊಲದ ಮಣ್ಣು ಎಷ್ಟು ಜೀವಂತ ಎಂದು ಹೇಳುವ ಎಷ್ಟೋ ಅಂಕಿಗಳ ಮೂಲ ಈ ಸೀಸೆ.

ಈ ಸಾಧನ ನಿಂತಿರುವುದು ಒಂದು ವರ್ತನೆಯ ಮೇಲೆ: ಒಣಗಿದರೆ ಜೀವಿ ಅಲ್ಲಿಂದ ಸರಿಯುತ್ತದೆ. ಸರಿಯುವ ಬದಲು ಮುದುಡಿ ನಿಲ್ಲುವ ಜೀವಿ, ನಿಧಾನವಾಗಿ ನಡೆದು ಮಧ್ಯದಲ್ಲೇ ಒಣಗಿ ಸಾಯುವ ಜೀವಿ, ಚಲಿಸದ ಮೊಟ್ಟೆ – ಇವು ಸೀಸೆಗೆ ಬರುವುದಿಲ್ಲ. ದೀಪವನ್ನು ಹೆಚ್ಚು ಪ್ರಖರ ಮಾಡಿದರೆ ಬೇಗ ಇಳಿಯಬಲ್ಲವು ಮಾತ್ರ ಎಣಿಕೆಗೆ ಸಿಗುತ್ತವೆ. ಆದ್ದರಿಂದ ಸೀಸೆಯಲ್ಲಿರುವುದು ಮಣ್ಣಿನ ಜನಗಣತಿಯಲ್ಲ. ಒಣಗುವಿಕೆಗೆ ಪ್ರತಿಕ್ರಿಯಿಸಿ, ಓಡಿ ಬದುಕಿದವರ ಪಟ್ಟಿ. ಎರಡು ಹೊಲಗಳನ್ನು ಹೋಲಿಸುವಾಗ ದೀಪದ ಶಕ್ತಿ, ಮಣ್ಣಿನ ದಪ್ಪ, ಆರಂಭದ ತೇವಾಂಶ ಒಂದೇ ಇದ್ದವೇ ಎಂದು ಕೇಳದೆ ಒಂದು ಮಣ್ಣು ಬಡವಾಯಿತು, ಇನ್ನೊಂದು ಸಮೃದ್ಧವಾಯಿತು ಎಂದು ತೀರ್ಪು ಕೊಡುವುದು ಅಪಾಯ. ರೈತನಿಗೆ ಕೊಡುವ ಸಲಹೆ ಇಂಥ ತೀರ್ಪುಗಳನ್ನು ಆಧರಿಸಿರಬಹುದು. ವರ್ತನೆಯನ್ನು ತಪ್ಪಾಗಿ ತಿಳಿದರೆ ಸಂಖ್ಯೆಯೂ ತಪ್ಪುತ್ತದೆ.

ಏನು ಮಾಡಬಹುದು?

ಫ್ರೇಂಕೆಲ್ ಮತ್ತು ಗನ್ ಅವರ ಗ್ರಂಥವನ್ನು ಹಳತೆಂದು ಬದಿಗಿಡಬೇಕಾಗಿಲ್ಲ. ವ್ಯಾಖ್ಯೆಗಳಲ್ಲಿ ಅದರಷ್ಟು ಸ್ಪಷ್ಟತೆ ಇರುವ ಕೃತಿಗಳು ಕಡಿಮೆ. ಆದರೆ ಅದನ್ನು ಹೆಸರುಗಳ ಕೋಶವಾಗಿ ಓದಬಾರದು, ಪ್ರಶ್ನೆ ಕೇಳುವ ಕ್ರಮವಾಗಿ ಓದಬೇಕು. ಜವದ ಬಗ್ಗೆ ಅದು ಹೇಳಿದ್ದು ಇಂದಿಗೂ ನಿಲ್ಲುತ್ತದೆ. ತಿರುವಿನ ಬಗ್ಗೆ ಹೇಳಿದ್ದನ್ನು ಷರತ್ತಿನೊಡನೆಯೇ ಹೇಳಬೇಕು. ಗುಂಪಿನ ಬಗ್ಗೆ ತಿಳಿಯಲು ಅದರಾಚೆಗೆ ಹೋಗಬೇಕು.

ಕಾಲೇಜಿನ ಪ್ರಯೋಗವನ್ನು ಸುಧಾರಿಸಲು ಹೆಚ್ಚಿನ ಖರ್ಚು ಬೇಡ. ತಟ್ಟೆಯನ್ನು ಸಿದ್ಧಪಡಿಸಿ ಹತ್ತು ನಿಮಿಷ ಕಾಯಿರಿ. ಒಮ್ಮೆಗೆ ಒಂದೇ ಪ್ರಾಣಿಯನ್ನು ಬಿಡಿ. ಮೇಲಿನಿಂದ ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಿ, ಹತ್ತು ಸೆಕೆಂಡಿಗೊಮ್ಮೆ ಅದರ ಸ್ಥಾನವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ. ನಡೆದ ಹೊತ್ತು, ನಿಂತ ಹೊತ್ತು, ತಿರುವುಗಳನ್ನು ಎರಡೂ ಬದಿಗೆ ಬೇರೆ ಬೇರೆಯಾಗಿ ಲೆಕ್ಕ ಹಾಕಿ. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿ. ಕಿಟಕಿಯ ಬೆಳಕಿನ ಪ್ರಭಾವ ಬಯಲಾಗುತ್ತದೆ. ಎರಡೂ ಬದಿ ಒಂದೇ ರೀತಿ ಇರುವ ತಟ್ಟೆಯಲ್ಲಿ ಒಮ್ಮೆ ಒಂದನ್ನು, ಒಮ್ಮೆ ಹತ್ತನ್ನು ಬಿಟ್ಟು ಹೋಲಿಸಿ. ನೆರೆಯವರ ಪ್ರಭಾವ ಕಾಣುತ್ತದೆ. ತಾಪವನ್ನು, ದಿನದ ಹೊತ್ತನ್ನು ಬರೆದಿಡಿ. ಮುಗಿದ ಮೇಲೆ ಪ್ರಾಣಿಗಳನ್ನು ತಂದ ಜಾಗದಲ್ಲೇ ಒದ್ದೆ ಎಲೆಯಡಿ ಬಿಡಿ. ಪ್ರಾಣಿಶಾಸ್ತ್ರ ಮತ್ತು ಭೌತವಿಜ್ಞಾನದ ವಿದ್ಯಾರ್ಥಿಗಳು ಜೊತೆಗೂಡಿ ಮಾಡಬಹುದಾದ ಒಳ್ಳೆಯ ಕಿರುಯೋಜನೆ ಇದು. ಎನ್1 × ವಿ1 = ಎನ್2 × ವಿ2 ಎಂಬುದು ಎಷ್ಟರ ಮಟ್ಟಿಗೆ ಸರಿಹೋಗುತ್ತದೆ ಎಂದು ಪರೀಕ್ಷಿಸಿ. ಸರಿಹೋಗದಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಕೈನೆಸಿಸ್‌ಗಿಂತ ಬೇರೆ ಏನೋ ನಡೆಯುತ್ತಿದೆ.

ಆ ವಿದ್ಯಾರ್ಥಿನಿಯ ಫಲಕದಲ್ಲಿ ತಿದ್ದಬೇಕಾದದ್ದು ಎರಡೇ ಪದ. ‘ವುಡ್‌ಲೌಸ್ ತೇವವನ್ನು ಅರಸಿ ಹೋಗುತ್ತದೆ’ ಎನ್ನುವ ಬದಲು ‘ವುಡ್‌ಲೌಸ್ ತೇವದಲ್ಲಿ ಉಳಿಯುತ್ತದೆ’ ಎಂದಿದ್ದರೆ ಅವಳು ಕಂಡದ್ದನ್ನು ಮಾತ್ರ ಹೇಳಿದಂತಾಗುತ್ತಿತ್ತು. ಏಕೆ ಉಳಿಯುತ್ತದೆ ಎಂಬ ಪ್ರಶ್ನೆ ಆಗ ತಾನಾಗಿ ಏಳುತ್ತಿತ್ತು.